ಪುಟ ಬಂದಿತು, ಪಟ್ಟಿ ಬರಲಿಲ್ಲ

ಉದ್ಯೋಗದ ನಿಮಿತ್ತ ಪಟ್ಟಣ ಸೇರಿದವರಲ್ಲಿ ಹುಟ್ಟಿದೂರಿನ ಹೊಲದ ನಂಟನ್ನು ಪೂರ್ತಿಯಾಗಿ ಕಡಿದುಕೊಂಡವರು ವಿರಳ. ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಬಾಡಿಗೆಯ ಮನೆಯಲ್ಲಿರುವ ಸಂಸಾರಕ್ಕೆ ಕುಷ್ಟಗಿಯ ಕಡೆ ನಾಲ್ಕೆಕರೆ ಹೊಲವಿರುತ್ತದೆ. ಅಣ್ಣನೋ ಚಿಕ್ಕಪ್ಪನೋ ಅದರಲ್ಲಿ ಸಜ್ಜೆಯನ್ನೋ ತೊಗರಿಯನ್ನೋ ಬೆಳೆಯುತ್ತಿರುತ್ತಾರೆ. ನೀರಿನ ಅನುಕೂಲವಿದ್ದಲ್ಲಿ ದಾಳಿಂಬೆಯ ತೋಟವನ್ನೂ ಮಾಡಿರುತ್ತಾರೆ. ಬೆಳೆಸಾಲಕ್ಕೆ, ಬೆಳೆವಿಮೆಗೆ, ಅಣ್ಣತಮ್ಮಂದಿರ ಪಾಲುಪಟ್ಟಿಗೆ, ಎಲ್ಲಕ್ಕೂ ಮೊದಲು ಕೇಳುವುದು ಪಹಣಿಯನ್ನು. ಪಹಣಿಯೆಂದರೆ ಹೊಲದ ಜಾತಕವೆನ್ನಬಹುದು. ಒಡೆಯನಾರು, ವಿಸ್ತೀರ್ಣವೆಷ್ಟು, ಬೆಳೆಯಾವುದು, ಋಣವೆಷ್ಟು ಎಂಬುದೆಲ್ಲವೂ ಅದರಲ್ಲಿದೆ.

ಈ ಪಹಣಿಯನ್ನು ಒಮ್ಮೆ ಕಣ್ಣಿನಿಂದ ನೋಡುವುದಕ್ಕೆ ಇಂದು ತಾಲ್ಲೂಕು ಕಚೇರಿಯವರೆಗೆ ಹೋಗಬೇಕಾದುದಿಲ್ಲ. ಮನೆಯಲ್ಲಿಯೇ ಕುಳಿತು ಕಂಪ್ಯೂಟರಿನಲ್ಲಿಯೋ ಫೋನಿನಲ್ಲಿಯೋ ಪುಟವನ್ನು ತೆರೆದರೆ ಸಾಕು. ಆದರೆ ಪುಟ ತೆರೆದ ಮೇಲೂ ಕೆಲಸ ನಡೆಯದಿರುವ ಸಂದರ್ಭಗಳುಂಟು. ಇಂಥದೊಂದು ಪುಟ ತೆರೆಯಿತೆಂದಿಟ್ಟುಕೊಳ್ಳೋಣ. ತಲೆಬರಹ ಕಂಡಿತು, ಬಣ್ಣ ಕಂಡಿತು. ‘ಜಿಲ್ಲೆ’ ಎಂಬಲ್ಲಿ ಕೊಪ್ಪಳವನ್ನು ಆರಿಸಿದ್ದೂ ಆಯಿತು. ಮುಂದೆ ‘ತಾಲ್ಲೂಕು’ ಎಂಬಲ್ಲಿ ಗಂಗಾವತಿ, ಯಲಬುರ್ಗಾ, ಕುಷ್ಟಗಿ ಎಂದು ಹೆಸರುಗಳು ಸಾಲಾಗಿ ನಿಲ್ಲಬೇಕಷ್ಟೆ? ಆ ಮನೆ ಬರಿದಾಗಿಯೇ ಉಳಿಯಿತು. ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ವಿಚಿತ್ರವೆಂದರೆ ಅದೇ ಪುಟ, ಅದೇ ಹೊತ್ತಿನಲ್ಲಿ, ಪಕ್ಕದ ಮನೆಯವರ ಕಂಪ್ಯೂಟರಿನಲ್ಲಿ ಸೊಗಸಾಗಿ ನಡೆಯುತ್ತಿರುತ್ತದೆ!

ಪಹಣಿಯೊಂದರಲ್ಲಿಯೇ ಅಲ್ಲ, ಪರೀಕ್ಷೆಯ ಫಲಿತಾಂಶ, ವಿದ್ಯುತ್ತಿನ ಬಿಲ್ಲು, ರೈಲಿನ ಟಿಕೆಟು ಮುಂತಾದ ಎಲ್ಲ ಪುಟಗಳಲ್ಲಿಯೂ ಈ ತೊಡಕು ತಲೆದೋರಬಹುದು. ಅದರ ಮೂಲವೇನು, ಅದನ್ನು ಪತ್ತೆ ಹಚ್ಚುವ ಬಗೆಯೇನು ಎಂಬುದನ್ನು ಈ ವಾರ ವಿಚಾರಿಸೋಣ.

ಪಟ್ಟಿಯ ಬೆನ್ನಿಗೆ ಪಟ್ಟಿ

ಮೊದಲು ಹಿಂದಿನ ಸ್ಥಿತಿಯನ್ನು ಸ್ವಲ್ಪ ನೆನೆಯುವುದೊಳ್ಳೆಯದು. ಕುಷ್ಟಗಿ ತಾಲ್ಲೂಕು 1956ರವರೆಗೆ ಹೈದರಾಬಾದು ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿದ್ದಿತು. 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದಾಗ ಅದರೊಳಗೆ ಬಂದಿತು. ನಿಜಾಮರ ಆಡಳಿತದಲ್ಲಿ ಸರ್ಕಾರಿ ವ್ಯವಹಾರದ ಭಾಷೆ ಉರ್ದು. ಮುಂಬಯಿ ಕರ್ನಾಟಕದ ಹಳೆಯ ದಫ್ತರಗಳಲ್ಲಿ ಮೋಡಿಯ ಬರಹ. ರೈತನ ಕಾಗದ ರೈತನ ಕೈಯಲ್ಲಿಯೇ ಇದ್ದರೂ ಅದನ್ನು ಓದಿ ಹೇಳುವುದಕ್ಕೆ ಬೇರೊಬ್ಬನು ಬೇಕಾಗುತ್ತಿದ್ದನು. ಕಾಗದದಲ್ಲಿ ತಪ್ಪಿರಲಿಲ್ಲ, ಓದುವವನಿಗಾಗಿ ಹುಡುಕಬೇಕಾಗಿತ್ತು. ಈ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಸುಲಭವಾಗುತ್ತದೆ.

ಆಮೇಲೆ ದಾಖಲೆಗಳು ಕನ್ನಡದಲ್ಲಿ ಬಂದವು. ಆದರೆ ಅವು ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದಲ್ಲಿ ರಾಜ್ಯದಾದ್ಯಂತ ಹರಡಿಕೊಂಡಿದ್ದುವು. 2000ದ ಇಸವಿಯ ಸುಮಾರಿನಲ್ಲಿ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ ಇವನ್ನೆಲ್ಲ ಕಂಪ್ಯೂಟರಿಗೆ ಏರಿಸಿತು. ಸುಮಾರು 67 ಲಕ್ಷ ರೈತರಿಗೆ ಸಂಬಂಧಪಟ್ಟ ಸುಮಾರು 2 ಕೋಟಿ ಪಹಣಿಗಳು ಹೀಗೆ ಯಂತ್ರವನ್ನು ಸೇರಿದುವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುವ ಏರ್ಪಾಡಾಯಿತು; ಕೈಬರಹದ ಪಹಣಿಗೆ ಮಾನ್ಯತೆ ನಿಂತುಹೋಯಿತು. ಮುಂದೆ ಅಂತರಜಾಲದ ಮೂಲಕ ಮನೆಯಿಂದಲೇ ನೋಡುವ ಅನುಕೂಲವೂ ಒದಗಿತು.

ಜಾಲದ ಪುಟದಲ್ಲಿ ಪಹಣಿಯನ್ನು ಹುಡುಕುವ ದಾರಿ ಮೆಟ್ಟಲು ಮೆಟ್ಟಲಾಗಿ ಇಳಿಯುತ್ತದೆ. ಮೊದಲು ಜಿಲ್ಲೆ, ಆಮೇಲೆ ತಾಲ್ಲೂಕು, ಆಮೇಲೆ ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ. ಕರ್ನಾಟಕದಲ್ಲಿ 31 ಜಿಲ್ಲೆಗಳಿವೆ. 2011ರ ಜನಗಣತಿಯ ಲೆಕ್ಕದಲ್ಲಿ ಗ್ರಾಮಗಳೇ 29 ಸಾವಿರಕ್ಕೆ ಮೇಲ್ಪಟ್ಟಿವೆ. ಇಷ್ಟು ಹೆಸರುಗಳನ್ನು ಮೊದಲೇ ಪುಟದೊಳಗೆ ತುಂಬಿ ಕಳುಹಿಸಿದರೆ ಪುಟ ಭಾರವಾಗಿ ತೆವಳುತ್ತದೆ. ಆದುದರಿಂದ ಜಿಲ್ಲೆಗಳ ಪಟ್ಟಿಯನ್ನು ಮಾತ್ರ ಮೊದಲು ಕಳುಹಿಸುತ್ತಾರೆ. ನೀವು ಕೊಪ್ಪಳವೆಂದೊಡನೆ ಪುಟದೊಳಗೆ ಅಡಗಿರುವ ಒಂದು ಆಜ್ಞಾಮಾಲೆ ಎಚ್ಚರಗೊಂಡು, ದೂರದಲ್ಲಿರುವ ಮೂಲಯಂತ್ರವನ್ನು ‘ಕೊಪ್ಪಳದ ತಾಲ್ಲೂಕುಗಳನ್ನು ಕಳುಹಿಸು’ ಎಂದು ಕೇಳುತ್ತದೆ. ಉತ್ತರ ಬಂದಾಗ ಇಡೀ ಪುಟವನ್ನು ಬದಲಿಸದೆ ಆ ಒಂದು ಮನೆಯನ್ನು ಮಾತ್ರ ತುಂಬುತ್ತದೆ. ಕುಷ್ಟಗಿಯೆಂದರೆ ಹನುಮಸಾಗರ, ತಾವರಗೇರಾ ಮುಂತಾದ ಹೋಬಳಿಗಳು ಬರುತ್ತವೆ. ಹೋಬಳಿಯನ್ನು ಆರಿಸಿದರೆ ಅದರ ಹಳ್ಳಿಗಳು ಬರುತ್ತವೆ.

ಹೀಗೆ ಪುಟ ತೆರೆದ ತರುವಾಯ ಬಂದು ಸೇರುವ ಭಾಗವೇ ನಮ್ಮ ಇಂದಿನ ವಿಷಯ. ಬಡಿಸಿದ ಎಲೆಗೂ, ಕೇಳಿದಾಗ ಅಡಿಗೆಮನೆಯಿಂದ ತಂದು ಬಡಿಸುವ ಪದಾರ್ಥಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಎಲೆಯ ಮೇಲಿದ್ದುದು ಹೇಗೂ ಇದ್ದೇ ಇದೆ. ಕೇಳಿದ್ದು ಬರಬೇಕಾದರೆ ಕೇಳುವವನ ಮಾತು ಬಡಿಸುವವನಿಗೆ ತಿಳಿಯಬೇಕು.

ಓದುವವರು ಹಲವರು

ಆ ಆಜ್ಞಾಮಾಲೆಯನ್ನು ಓದಿ ನಡೆಸುವವನು ಯಾರು? ಬ್ರೌಸರ್ ಎಂಬ ತಂತ್ರಾಂಶ. ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್, ಒಪೆರಾ ಎಂದು ಇವುಗಳಿಗೆ ಹೆಸರುಗಳು. ಪುಟವೊಂದೇ ಆದರೂ ಓದುವವರು ಬೇರೆಬೇರೆ. ಒಬ್ಬನಿಗೆ ತಿಳಿದ ಮಾತು ಇನ್ನೊಬ್ಬನಿಗೆ ತಿಳಿಯದಿರಬಹುದು. ನಿನ್ನೆಯ ಓದುಗನಿಗೆ ಇಂದಿನ ಮಾತು ಅರ್ಥವಾಗದಿರಬಹುದು.

ಆಜ್ಞಾಮಾಲೆಯ ಭಾಷೆಗೆ ಜಾವಾಸ್ಕ್ರಿಪ್ಟ್ ಎಂದು ಹೆಸರು. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಎಂಬಾತನು ಇದರ ಮೊದಲ ರೂಪವನ್ನು ಹತ್ತೇ ದಿನಗಳಲ್ಲಿ ಸಿದ್ಧಪಡಿಸಿದನು. ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು ಅನುಸರಿಸಿ ತನ್ನ ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿ ತನ್ನದೇ ಆದ ರೂಪವನ್ನು ಇಟ್ಟಿತು. 1997ರಲ್ಲಿ ಈ ಭಾಷೆಗೆ ಲಿಖಿತ ನಿಯಮಗಳಾದುವು. ಆದರೆ ಅಷ್ಟರೊಳಗೆ ಎರಡು ಮನೆಗಳ ಆಡುಮಾತು ಎರಡಾಗಿದ್ದಿತು.

ಪುಟವನ್ನು ಬದಲಿಸದೆ ಸುದ್ದಿ ತರಿಸುವ ವಿದ್ಯೆಯಲ್ಲಿಯೂ ಹಾಗೆಯೇ ಆಯಿತು. 1999ರಲ್ಲಿ ಎಕ್ಸ್‌ಪ್ಲೋರರಿನ ಐದನೆಯ ಆವೃತ್ತಿಯೊಡನೆ ಮೈಕ್ರೋಸಾಫ್ಟ್ ಇದನ್ನು ಮೊದಲು ಹೊರತಂದಿತು. ಅಂಚೆಯ ಪೆಟ್ಟಿಗೆಯನ್ನು ಜಾಲದ ಪುಟದಲ್ಲಿಯೇ ತೋರಿಸಬೇಕೆಂಬ ಉದ್ದೇಶ ಅದರ ಹಿಂದಿದ್ದಿತು. ಅದು ಆಕ್ಟಿವ್‌ಎಕ್ಸ್ ಎಂಬ ಆ ಸಂಸ್ಥೆಯದೇ ಆದ ಸಲಕರಣೆಯಾಗಿ ಬಂದಿತು. ಮೊಜಿಲ್ಲಾದವರು ಅದೇ ಕೆಲಸವನ್ನು ಬ್ರೌಸರಿನೊಳಗೇ ಅಡಕಮಾಡಿ, ಬೇರೊಂದು ಬಗೆಯಲ್ಲಿ ಕರೆಯುವಂತೆ ಮಾಡಿದರು. ಹೀಗಿರಲು ಪುಟ ಕಟ್ಟುವವನು ಒಂದೇ ಮಾತನ್ನು ಎರಡು ಸಲ ಬರೆಯಬೇಕಾಯಿತು: ‘ನೀನು ಎಕ್ಸ್‌ಪ್ಲೋರರ್ ಆದರೆ ಹೀಗೆ ಕೇಳು, ಅಲ್ಲದಿದ್ದರೆ ಹಾಗೆ ಕೇಳು.’ ಒಂದನ್ನೇ ಬರೆದು ಕೈತೊಳೆದುಕೊಂಡವನ ಪುಟ ಅರ್ಧ ಜನಕ್ಕೆ ಬರಿದಾಗಿ ಕಂಡಿತು. 2006ರಲ್ಲಿ ಎಕ್ಸ್‌ಪ್ಲೋರರಿನ ಏಳನೆಯ ಆವೃತ್ತಿ ಮೊಜಿಲ್ಲಾದ ರೀತಿಯನ್ನು ಒಪ್ಪಿಕೊಂಡಿತು. ಅದೇ ವರ್ಷ ಜಾನ್ ರೆಸಿಗ್ ಎಂಬಾತನು ಹೊರತಂದ ಜೆಕ್ವೆರಿ ಎಂಬ ಸಿದ್ಧ ಆಜ್ಞಾಸಂಗ್ರಹ, ಈ ಭೇದಗಳನ್ನೆಲ್ಲ ತಾನೇ ನುಂಗಿಕೊಂಡು ಕಟ್ಟುವವರ ಹೊರೆಯನ್ನು ಇಳಿಸಿತು. ಅದು ಅಷ್ಟು ಬೇಗ ಜನಪ್ರಿಯವಾದುದಕ್ಕೆ ಇದೊಂದು ಮುಖ್ಯ ಕಾರಣ.

ಆದರೆ ಭಾಷೆ ನಿಂತ ನೀರಲ್ಲವಷ್ಟೆ. 2015ರಲ್ಲಿ ಜಾವಾಸ್ಕ್ರಿಪ್ಟಿಗೆ ಅನೇಕ ಹೊಸ ಪ್ರಯೋಗಗಳು ಸೇರಿದುವು. ಸುದ್ದಿ ತರಿಸಲು ‘ಫೆಚ್’ ಎಂಬ ಹೊಸ ಕ್ರಮವೂ ಅದೇ ಕಾಲದಲ್ಲಿ ಬಳಕೆಗೆ ಬಂದಿತು. ಎಕ್ಸ್‌ಪ್ಲೋರರ್ ಇವನ್ನು ಕಲಿಯಲೇ ಇಲ್ಲ. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಅದಕ್ಕೆ ಅಧಿಕೃತವಾಗಿ ನಿವೃತ್ತಿ ಕೊಟ್ಟಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗೊತ್ತಿಲ್ಲದ ಬಣ್ಣವನ್ನೋ ಅಲಂಕಾರವನ್ನೋ ಕೇಳಿದರೆ ಬ್ರೌಸರು ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಆಜ್ಞಾಮಾಲೆಯಲ್ಲಿ ಹಾಗಲ್ಲ. ಸಾವಿರ ಸಾಲಿನ ಕಡತದಲ್ಲಿ ಒಂದೇ ಒಂದು ಸಾಲಿನ ವಾಕ್ಯರಚನೆ ಅದಕ್ಕೆ ಹೊಸದಾದರೂ ಸಾಕು, ಇಡೀ ಕಡತವನ್ನೇ ಅದು ತಳ್ಳಿಹಾಕುತ್ತದೆ. ಪುಟದ ಬಣ್ಣ, ಚಿತ್ರ, ತಲೆಬರಹಗಳೆಲ್ಲ ನೆಟ್ಟಗಿದ್ದು ಪಟ್ಟಿ ಮಾತ್ರ ಬರಿದಾಗಿರುವುದಕ್ಕೆ ಅನೇಕ ಸಲ ಇದೇ ಕಾರಣ. ಇದನ್ನರಿಯದವರು ‘ನಮ್ಮ ಹಳ್ಳಿಯ ದಾಖಲೆಯೇ ಇಲ್ಲವಂತೆ’ ಎಂದು ಗಾಬರಿಪಡುತ್ತಾರೆ. ದಾಖಲೆ ಎಲ್ಲಿಗೂ ಹೋಗಿರುವುದಿಲ್ಲ. ಅದನ್ನು ಕೇಳಬೇಕಾದವನು ಬಾಯಿ ತೆರೆದಿರುವುದಿಲ್ಲ, ಅಷ್ಟೆ.

ಕನ್ನಡ ಪಟ್ಟ ಪಾಡು

ಈ ಭೇದದಿಂದ ಕನ್ನಡಿಗರು ಪಟ್ಟ ಕಷ್ಟ ಪಟ್ಟಿಗಳಿಗಷ್ಟೇ ಸೀಮಿತವಾಗಿರಲಿಲ್ಲ. ಅಕ್ಷರಗಳಿಗೇ ಅದು ತಗುಲಿದ್ದಿತು. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸ್ಥಾನವನ್ನು ಗೊತ್ತುಮಾಡಿದ ಯೂನಿಕೋಡ್ 1991ರಲ್ಲಿ ಹೊರಬಂದಾಗಲೇ ಕನ್ನಡಕ್ಕೆ ಅದರಲ್ಲಿ ಜಾಗವಿದ್ದಿತು. ಆದರೆ ಸಾಮಾನ್ಯರ ಕಂಪ್ಯೂಟರುಗಳಿಗೆ ಅದು ಒಗ್ಗಲು ಬಹಳ ಕಾಲ ಹಿಡಿಯಿತು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ‘ತುಂಗಾ’ ಎಂಬ ಕನ್ನಡ ಅಕ್ಷರಶೈಲಿಯನ್ನು ಹೊತ್ತು ಬಂದಿತು.

ಅದುವರೆಗೆ, ಮತ್ತು ಆಮೇಲೂ ಕೆಲವು ವರ್ಷ, ಜಾಲದ ಕನ್ನಡ ಪುಟಗಳು ಒಂದು ಉಪಾಯವನ್ನು ಹೂಡಿದ್ದುವು. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದ ಅಕ್ಷರಶೈಲಿಯೊಂದನ್ನು ಪುಟದ ಜೊತೆಗೆ ಕಳುಹಿಸಿಕೊಡುವುದೇ ಆ ಉಪಾಯ. ಎಕ್ಸ್‌ಪ್ಲೋರರಿಗೆ ಒಂದು ಬಗೆಯ ಕಡತ ಬೇಕು, ನೆಟ್‌ಸ್ಕೇಪಿಗೆ ಇನ್ನೊಂದು. ಎಕ್ಸ್‌ಪ್ಲೋರರಿಗೆಂದೇ ಕಟ್ಟಿದ ಪುಟವನ್ನು ಬೇರೆ ಬ್ರೌಸರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಅರ್ಥವಿಲ್ಲದ ಸಂತೆ ಕಾಣುತ್ತಿದ್ದಿತು. ಬೆಳಗಾದರೆ ಊರಿನ ಸುದ್ದಿ ಓದಬೇಕೆಂದು ಕುಳಿತ ಹೊರನಾಡಿನ ಕನ್ನಡಿಗರಿಗೆ ಈ ನಿರಾಶೆ ಹೊಸದಾಗಿರಲಿಲ್ಲ.

ಪತ್ರಿಕೆಗಳೂ ಕಚೇರಿಗಳೂ ಕ್ರಮವಾಗಿ ಯೂನಿಕೋಡಿಗೆ ಬಂದ ಮೇಲೆ ಈ ಪಾಡು ಬಹುಮಟ್ಟಿಗೆ ತೀರಿತು. ಎಲ್ಲರೂ ಒಪ್ಪಿದ ಒಂದು ನಿಯಮ ಎಷ್ಟು ದೊಡ್ಡ ಉಪಕಾರವೆಂಬುದಕ್ಕೆ ಕನ್ನಡವೇ ಸಾಕ್ಷಿ. ಇಂದು ಕುಷ್ಟಗಿಯ ಹುಡುಗ ಕಳುಹಿಸಿದ ಕನ್ನಡದ ಸಾಲನ್ನು ಅಮೆರಿಕದಲ್ಲಿರುವ ಅವನ ಸೋದರಮಾವ ಯಾವ ಯಂತ್ರದಲ್ಲಿಯಾದರೂ ಓದಬಹುದು. ಅಕ್ಷರದಲ್ಲಿ ಸಾಧಿಸಿದ ಈ ಒಮ್ಮತ ಆಜ್ಞಾಮಾಲೆಯಲ್ಲಿಯೂ ಬಹಳಷ್ಟು ಬಂದಿದೆ. ಪೂರ್ತಿಯಾಗಿ ಬಂದಿಲ್ಲ.

ಪರೀಕ್ಷೆಯ ಕ್ರಮ

ಈಗ ಬರಿದಾದ ಪಟ್ಟಿಯೆದುರು ಕುಳಿತವರು ಏನು ಮಾಡಬೇಕು? ಮನೆಯ ವಿದ್ಯುದ್ದೀಪ ಆರಿದಾಗ ತಿಳಿದವರು ಮಾಡುವುದನ್ನೇ ಇಲ್ಲಿಯೂ ಮಾಡಬೇಕು. ನೆರೆಮನೆಯಲ್ಲಿ ದೀಪವಿದೆಯೇ ಎಂದು ಮೊದಲು ನೋಡುವುದು, ಆಮೇಲೆ ಫ್ಯೂಜನ್ನು, ಕಡೆಗೆ ಬಲ್ಬನ್ನು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು ಮುಖ್ಯ. ನಾಲ್ಕನ್ನು ಒಟ್ಟಿಗೆ ಬದಲಾಯಿಸಿ ಗುಣ ಕಂಡರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ನಾಳೆ ಮತ್ತೆ ಮೊದಲಿನಿಂದ ಆರಂಭಿಸಬೇಕು.

ಮೊದಲನೆಯದು: ಬೇರೆ ಯಾವುದಾದರೂ ಪುಟವನ್ನು ತೆರೆದು ಸಂಪರ್ಕ ಸರಿಯಾಗಿದೆಯೇ ನೋಡಿರಿ. ಸರಿಯಾಗಿದ್ದರೆ ಅರ್ಧ ನಿಮಿಷ ತಾಳಿರಿ. ಹಳ್ಳಿಯ ಕಡೆಯ ದುರ್ಬಲ ಸಂಪರ್ಕದಲ್ಲಿ ಪಟ್ಟಿ ತಡವಾಗಿ ಬರುವುದುಂಟು. ಮೇಲಿಂದ ಮೇಲೆ ಒತ್ತಿದಷ್ಟೂ ಕೋರಿಕೆಗಳು ಹೆಚ್ಚಿ ಇನ್ನೂ ತಡವಾಗುತ್ತದೆ.

ಎರಡನೆಯದು: ಬ್ರೌಸರನ್ನು ಬದಲಾಯಿಸಿ ನೋಡಿರಿ. ಇಲ್ಲಿ ಒಂದು ಎಚ್ಚರಿಕೆಯುಂಟು. ಹೆಸರು ಬೇರೆಯಾದ ಮಾತ್ರಕ್ಕೆ ಓದುವವನು ಬೇರೆಯಾಗುವುದಿಲ್ಲ. ಕ್ರೋಮ್, 2020ರಿಂದೀಚಿನ ಎಡ್ಜ್, ಒಪೆರಾ ಇವೆಲ್ಲಕ್ಕೂ ಒಳಗಿನ ಯಂತ್ರ ಕ್ರೋಮಿಯಂ ಒಂದೇ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಸಿಗುವ ಸುಳಿವು ಸ್ವಲ್ಪವೇ. ಫೈರ್‌ಫಾಕ್ಸಿನಲ್ಲಿ ನೋಡಿದರೆ ನಿಜವಾಗಿಯೂ ಬೇರೊಬ್ಬ ಓದುಗನನ್ನು ಕರೆದಂತಾಗುತ್ತದೆ. ಅಲ್ಲಿ ಪಟ್ಟಿ ಬಂದರೆ ದಾಖಲೆಯೂ ಸಂಪರ್ಕವೂ ಕ್ಷೇಮ, ದೋಷ ಮೊದಲಿನ ಬ್ರೌಸರಿಗೆ ಸಂಬಂಧಪಟ್ಟದ್ದು ಎಂದು ತಿಳಿಯಿರಿ. ಎಲ್ಲಿಯೂ ಬಾರದಿದ್ದರೆ ಮೂಲಯಂತ್ರದಲ್ಲಿಯೇ ತೊಂದರೆಯಿರುವ ಸಂಭವ ಹೆಚ್ಚು.

ಮೂರನೆಯದು: ಅದೇ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಪುಟವನ್ನು ತೆರೆಯಿರಿ. ಬ್ರೌಸರು ಹಿಂದೆ ನೋಡಿದ ಪುಟಗಳ ತುಣುಕುಗಳನ್ನು ಕೂಡಿಟ್ಟುಕೊಂಡಿರುತ್ತದೆ. ಪುಟ ಹೊಸದಾಗಿದ್ದು ಆಜ್ಞಾಮಾಲೆ ಹಳೆಯದಾಗಿ ಉಳಿದರೆ ಎರಡಕ್ಕೂ ತಾಳ ತಪ್ಪುತ್ತದೆ. ಹಳೆಯ ಎಕ್ಸ್‌ಪ್ಲೋರರಿನಲ್ಲಿ ಈ ಚಾಳಿ ವಿಪರೀತವಾಗಿದ್ದಿತು. ಒಮ್ಮೆ ಬಂದ ಉತ್ತರವನ್ನೇ ಹೊಸದೆಂಬಂತೆ ಮತ್ತೆ ಮತ್ತೆ ಕೊಡುತ್ತಿದ್ದಿತು. ಜಾಹೀರಾತುಗಳನ್ನು ತಡೆಯಲು ಹಾಕಿಕೊಂಡ ಉಪಕರಣಗಳೂ ಒಮ್ಮೊಮ್ಮೆ ಪಟ್ಟಿಯನ್ನು ತಡೆಯುತ್ತವೆ. ಖಾಸಗಿ ಕಿಟಕಿಯಲ್ಲಿ ಸಾಮಾನ್ಯವಾಗಿ ಇವೆರಡರ ಕಾಟವೂ ಇರುವುದಿಲ್ಲ. ಅಲ್ಲಿ ಪಟ್ಟಿ ಬಂದರೆ ಕೂಡಿಟ್ಟ ತುಣುಕುಗಳನ್ನು ಅಳಿಸಿರಿ.

ನಾಲ್ಕನೆಯದು: ಫೋನಿನಲ್ಲಿ ಹಣ ಉಳಿಸುವ ಏರ್ಪಾಡುಗಳ ಕಡೆಗೆ ಗಮನವಿರಲಿ. ಒಪೆರಾ ಮಿನಿಯಂಥ ಬ್ರೌಸರು ತನ್ನ ಬಿಗಿಯಾದ ಮಿತವ್ಯಯದ ಕ್ರಮದಲ್ಲಿ ಪುಟವನ್ನು ದೂರದ ಯಂತ್ರದಲ್ಲಿ ತೆರೆದು, ಕುಗ್ಗಿಸಿ, ನಿಮಗೆ ಕಳುಹಿಸುತ್ತದೆ. ಆಜ್ಞಾಮಾಲೆ ಅಲ್ಲಿ ಕೆಲವು ಕ್ಷಣ ಮಾತ್ರ ನಡೆದು ನಿಲ್ಲುತ್ತದೆ. ಆಮೇಲೆ ಬರಬೇಕಾದ ಪಟ್ಟಿಗೆ ದಾರಿಯಿರುವುದಿಲ್ಲ. ಸುದ್ದಿ ಓದುವುದಕ್ಕೆ ಇದು ಬಲು ಉಪಯುಕ್ತ; ಪಹಣಿ ಹುಡುಕುವುದಕ್ಕೆ ಹೊಂದದು.

ಐದನೆಯದು: ಯಂತ್ರದ ದಿನಾಂಕವನ್ನು ನೋಡಿರಿ. ನಗು ಬರಬಹುದು, ಆದರೆ ಬ್ಯಾಟರಿ ಸತ್ತ ಹಳೆಯ ಕಂಪ್ಯೂಟರು ಹತ್ತು ವರ್ಷ ಹಿಂದಿನ ತಾರೀಖನ್ನು ತೋರಿಸುತ್ತಿದ್ದರೆ, ಪುಟದ ಭದ್ರತೆಯ ಪ್ರಮಾಣಪತ್ರ ಅದಕ್ಕೆ ಸುಳ್ಳೆಂದು ತೋರಿ ಸಂಪರ್ಕವನ್ನೇ ನಿರಾಕರಿಸುತ್ತದೆ. ಹಾಗೆಯೇ ಬ್ರೌಸರನ್ನು ಆಗಾಗ ಹೊಸ ಆವೃತ್ತಿಗೆ ಏರಿಸಿಕೊಳ್ಳುವುದು ಅವಶ್ಯಕ.

ಇಷ್ಟಕ್ಕೂ ಜಗ್ಗದಿದ್ದರೆ, ಕಂಪ್ಯೂಟರಿನ ಬ್ರೌಸರಿನಲ್ಲಿ ಎಫ್ 12 ಎಂಬ ಕೀಲಿಯನ್ನು ಒತ್ತಿರಿ. ಪುಟದ ಒಳಮನೆ ತೆರೆಯುತ್ತದೆ. ಕಾಲೇಜಿಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಅವರಿಗೆ ಒಪ್ಪಿಸಿರಿ. ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಅಲ್ಲಿ ‘ಕನ್ಸೋಲ್’ ಎಂಬ ಭಾಗದಲ್ಲಿ ಕೆಂಪು ಅಕ್ಷರದ ಸಾಲುಗಳಿದ್ದರೆ ಅವೇ ಬ್ರೌಸರಿನ ದೂರುಗಳು. ‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್’ ಎಂದಿದ್ದರೆ ವಾಕ್ಯರಚನೆ ತನಗೆ ತಿಳಿಯಲಿಲ್ಲವೆಂದೂ, ‘ನಾಟ್ ಡಿಫೈನ್ಡ್’ ಎಂದಿದ್ದರೆ ತಾನು ಅರಿಯದ ಹೆಸರೊಂದನ್ನು ಕರೆದಿದ್ದಾರೆಂದೂ ಅರ್ಥ. ‘ನೆಟ್‌ವರ್ಕ್’ ಎಂಬ ಭಾಗದಲ್ಲಿ ಹೋದ ಕೋರಿಕೆಗಳೂ ಬಂದ ಉತ್ತರಗಳೂ ಲೆಕ್ಕದ ಪುಸ್ತಕದಂತೆ ಸಾಲಾಗಿರುತ್ತವೆ. 200 ಎಂದರೆ ಉತ್ತರ ಕ್ಷೇಮವಾಗಿ ಬಂದಿದೆ. 404 ಎಂದರೆ ಕೇಳಿದ ವಿಳಾಸದಲ್ಲಿ ಏನೂ ಇಲ್ಲ. 500 ಎಂದರೆ ಮೂಲಯಂತ್ರವೇ ಎಡವಿದೆ. ಜಿಲ್ಲೆಯನ್ನು ಆರಿಸಿದಾಗ ಕೋರಿಕೆಯೇ ಹೊರಡದಿದ್ದರೆ, ತಪ್ಪು ಪುಟದ ಆಜ್ಞಾಮಾಲೆಗೂ ನಿಮ್ಮ ಬ್ರೌಸರಿಗೂ ನಡುವೆ ಇದೆಯೆಂದು ಹೇಳಬಹುದು.

ಕಟ್ಟುವವರಿಗೆ ಎರಡು ಮಾತು

ಇಷ್ಟನ್ನೆಲ್ಲ ಓದುಗರ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಪುಟ ಕಟ್ಟುವವರು ನಮ್ಮ ಮನೆಗಳ ಮಕ್ಕಳೇ. ಅವರಲ್ಲಿ ಅನೇಕರು ಈ ಪತ್ರಿಕೆಯನ್ನೂ ಓದುತ್ತಾರೆ. ಅವರು ಬ್ರೌಸರಿನ ಹೆಸರನ್ನು ಕೇಳಿ ನಂಬಬಾರದು. ಹಳೆಯ ಕಾಲದ ಪೈಪೋಟಿಯ ಫಲವಾಗಿ ಇಂದಿಗೂ ಹೆಚ್ಚುಕಡಿಮೆ ಎಲ್ಲ ಬ್ರೌಸರುಗಳೂ ತಮ್ಮನ್ನು ‘ಮೊಜಿಲ್ಲಾ’ ಎಂದೇ ಪರಿಚಯಿಸಿಕೊಳ್ಳುತ್ತವೆ! ‘ನೀನು ಯಾರು?’ ಎನ್ನುವುದಕ್ಕಿಂತ ‘ಈ ಕೆಲಸ ನಿನಗೆ ಬರುತ್ತದೆಯೇ?’ ಎಂದು ಕೇಳುವುದು ಮೇಲು. ಬರುವುದಾದರೆ ಹೊಸ ಕ್ರಮ, ಬಾರದಿದ್ದರೆ ಹಳೆಯ ಕ್ರಮ. ಎರಡೂ ನಡೆಯದಿದ್ದರೆ ಸಾದಾ ಗುಂಡಿಯೊಂದನ್ನು ಇಟ್ಟು, ಒತ್ತಿದಾಗ ಇಡೀ ಪುಟವೇ ಹೊಸ ಪಟ್ಟಿಯೊಡನೆ ಬರುವಂತೆ ಮಾಡಲಿ. ಸ್ವಲ್ಪ ನಿಧಾನವಾದೀತು, ಕೆಲಸ ನಿಲ್ಲದು. ಪಟ್ಟಿ ಬಾರದೆ ಹೋದರೆ ಮೌನವಾಗಿರದೆ, ‘ಪಟ್ಟಿ ಬರಲಿಲ್ಲ, ಮತ್ತೊಮ್ಮೆ ಪ್ರಯತ್ನಿಸಿರಿ’ ಎಂದು ಕನ್ನಡದಲ್ಲಿ ಒಂದು ಸಾಲನ್ನಾದರೂ ತೋರಿಸಲಿ. ಕಟ್ಟಿದ ಪುಟವನ್ನು ತಮ್ಮ ಹೊಸ ಯಂತ್ರದಲ್ಲಿ ಮಾತ್ರವಲ್ಲದೆ ಅಗ್ಗದ ಹಳೆಯ ಫೋನಿನಲ್ಲಿಯೂ ಒಮ್ಮೆ ತೆರೆದು ನೋಡಲಿ.

ಪಟ್ಟಣದಲ್ಲಿರುವ ನಮಗೆ ಬರಿದಾದ ಪಟ್ಟಿಯೊಂದು ಐದು ನಿಮಿಷದ ಬೇಸರ. ತಾವರಗೇರಾದ ಕಡೆಯ ಹಳ್ಳಿಯ ರೈತನಿಗೆ ಅದು ಒಂದು ದಿನದ ಕೂಲಿ, ಬಸ್ಸಿನ ಚಾರ್ಜು, ಕೆಲವೊಮ್ಮೆ ವಿಮೆಗೆ ಅರ್ಜಿ ಹಾಕುವ ಕಡೆಯ ದಿನವೂ ಆಗಿರಬಹುದು. ಆದುದರಿಂದ ತೊಡಕನ್ನು ಕಂಡವರು ಸುಮ್ಮನೆ ಪುಟ ಮುಚ್ಚದೆ ಸಂಬಂಧಪಟ್ಟವರಿಗೆ ತಿಳಿಸುವುದು ಒಳ್ಳೆಯದು. ‘ನಿಮ್ಮ ಪುಟ ನಡೆಯುವುದಿಲ್ಲ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಯಾವ ಬ್ರೌಸರು, ಅದರ ಆವೃತ್ತಿ ಎಷ್ಟನೆಯದು, ಫೋನೋ ಕಂಪ್ಯೂಟರೋ, ಯಾವ ದಿನ ಎಷ್ಟು ಗಂಟೆಗೆ, ಯಾವ ಪಟ್ಟಿಯವರೆಗೆ ಬಂದು ಎಲ್ಲಿ ನಿಂತಿತು, ಬೇರೆ ಬ್ರೌಸರಿನಲ್ಲಿ ಏನಾಯಿತು ಎಂಬ ಆರು ವಿವರಗಳೂ ಪರದೆಯ ಒಂದು ಚಿತ್ರವೂ ಇದ್ದರೆ, ಬಲ್ಲವರಿಗೆ ದೋಷವನ್ನು ಹುಡುಕುವ ಕೆಲಸ ಅರ್ಧ ಮುಗಿದಂತೆಯೇ. ನೀವು ಬರೆದ ಆ ನಾಲ್ಕು ಸಾಲಿನಿಂದ ನಿಮಗೆ ಪರಿಚಯವೇ ಇಲ್ಲದ ಎಷ್ಟೋ ಮನೆಗಳ ಪಟ್ಟಿ ಮರುದಿನ ತುಂಬಿ ಬರಬಹುದು.